ಅಮೆರಿಕದ ಪುಕ್ಕಟೆ ಫೋನ್: ಲೈಫ್‌ಲೈನ್ ಸಿಮ್ ಐದಾರು ವರ್ಷ ಬಳಸಿದವನ ಮಾತು

ಸಿಮ್ ಇಸ್ಕೊಳ್ಳಿ, ಅವರು ಕೊಡೋ ಫೋನಿನ ಆಸೆ ಬಿಡಿ. ಕಡಿಮೆ ಆದಾಯದವರ ಫೋನ್ ಖರ್ಚಿಗೆ ಅಮೆರಿಕ ಸರ್ಕಾರ ಫೋನ್ ಕಂಪನಿಗಳ ಮೂಲಕ ಕೊಡುವ ಸವಲತ್ತು ಲೈಫ್‌ಲೈನ್; ಅದು ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು. ಎರಡನೆಯ ಮಾತೊಂದಿದೆ, ಅದು ಊರಿಗೆ ಹೋಗಿ ಬರುವವರಿಗೆ. ಅದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಕಡಿಮೆ ಬಾಡಿಗೆಯ ಹಿರಿಯರ ಅಪಾರ್ಟ್‌ಮೆಂಟಿನಲ್ಲಿ. ನಾನು, ನಮ್ಮನೆಯವಳು, ಇಬ್ಬರೇ. ಹಾಸನದ ಕಡೆಯವರು. ಟೆಲಿಫೋನ್ ಇಲಾಖೆಯಲ್ಲಿ ಫೋನ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು ನಾನು. ರೂಪಾಯಿಯಲ್ಲಿ ನೋಡಿದರೆ ಗೌರವವಾಗಿಯೇ ಕಾಣುವ ಪಿಂಚಣಿ, ಡಾಲರಿಗೆ ತಿರುಗಿಸಿದ ಕೂಡಲೇ ಹಾಲು-ತರಕಾರಿ ಖರ್ಚಿನ ಮಟ್ಟಕ್ಕೆ ಇಳಿದುಬಿಡುತ್ತದೆ. ತಿಂಗಳಿಗೆ ಮೂವತ್ತು-ನಲವತ್ತು ಡಾಲರ್ ಫೋನ್ ಬಿಲ್ ಉಳಿದರೆ ನಮಗೆ ಸಣ್ಣ ಮಾತಲ್ಲ. ಮಗಳ ಫ್ಯಾಮಿಲಿ ಪ್ಲಾನ್‌ನಲ್ಲಿ ಸೇರಿಕೊಳ್ಳಬಹುದಿತ್ತು, ಇವಳು ಸೇರಿಕೊಂಡಿದ್ದಾಳೆ. ನನಗೆ ಮಾತ್ರ ಬಿಲ್ಲಿನಲ್ಲೂ ಅಳಿಯನ ಮೇಲೆ ಬೀಳುವುದು ಯಾಕೋ ಸರಿಬರಲಿಲ್ಲ.

ಅರ್ಜಿ ಹಾಕುವುದು ಕಷ್ಟವಲ್ಲ. ಕಡಿಮೆ ಆದಾಯದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಗುವ ಸರ್ಕಾರಿ ಆರೋಗ್ಯ ವಿಮೆ ಮೆಡಿ-ಕ್ಯಾಲ್ ಇದ್ದರೆ ಅದೇ ಅರ್ಹತೆ. ಹೆಸರು, ವಿಳಾಸ, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ, ಮೆಡಿ-ಕ್ಯಾಲ್ ಇರುವುದಕ್ಕೆ ಒಂದು ಪುರಾವೆ. ಆಮೇಲೆ ಒಂದೊಂದು ಸಾಲಿನ ಮುಂದೆಯೂ ‘ಸುಳ್ಳು ಹೇಳಿದರೆ ಶಿಕ್ಷೆಗೆ ಬದ್ಧ’ ಎನ್ನುವ ಧಾಟಿಯ ಒಪ್ಪಿಗೆಗೆ ಸಹಿ. ಸವಲತ್ತು ರೇಷನ್ ಕಾರ್ಡಿನ ಹಾಗೆ ಮನೆಗೊಂದೇ. ಗಂಡ-ಹೆಂಡತಿಗೆ ಬೇರೆ ಬೇರೆ ಸಿಗುವುದಿಲ್ಲ. ಒಂದೇ ಸೂರಿನಡಿ ಇದ್ದು ಆದಾಯ-ಖರ್ಚು ಹಂಚಿಕೊಳ್ಳುವವರೆಲ್ಲ ಇವರ ಲೆಕ್ಕದಲ್ಲಿ ಒಂದು ಮನೆ.

ಅಂಗಡಿಗಳ ಮುಂದೆ, ಸರ್ಕಾರಿ ಕಚೇರಿಗಳ ಹೊರಗೆ ಟೆಂಟ್ ಹಾಕಿಕೊಂಡು, ಟ್ಯಾಬ್ಲೆಟ್ ಹಿಡಿದು ‘ಫ್ರೀ ಫೋನ್, ಫ್ರೀ ಫೋನ್’ ಅಂತ ಕರೆಯುವ ಹುಡುಗರನ್ನು ನೀವೂ ನೋಡಿರುತ್ತೀರಿ. ಅಲ್ಲೇ ನಿಂತು ಮುಗಿಸಬಹುದು. ಆದರೆ ಈಗಾಗಲೇ ಲೈಫ್‌ಲೈನ್ ಇದ್ದವರು ಹೊಸ ಹ್ಯಾಂಡ್‌ಸೆಟ್ ಆಸೆಗೆ ಅಲ್ಲಿ ಸಹಿ ಹಾಕಿದರೆ ಸವಲತ್ತು ಆ ಹೊಸ ಕಂಪನಿಗೆ ವರ್ಗವಾಗಿ, ಹಳೇ ಸಿಮ್ ನಿಂತುಹೋಗಬಹುದು. ನಮ್ಮ ಮಹಡಿಯ ಚೀನೀ ಅಜ್ಜಿಗೆ ಹಾಗೇ ಆಯಿತು. ಪಾಪ, ಆ ಯಮ್ಮ ಎರಡು ಫೋನ್ ಇಟ್ಟುಕೊಂಡು ಯಾವುದು ಜೀವಂತ, ಯಾವುದು ಸತ್ತದ್ದು ಅಂತ ಗೊತ್ತಾಗದೆ ಓಡಾಡುತ್ತಿದ್ದರು.

ಹ್ಯಾಂಡ್‌ಸೆಟ್ ವಿಷಯ ಬೇಗ ಮುಗಿಸುತ್ತೇನೆ. ನನಗೆ ಕೊಟ್ಟದ್ದರಲ್ಲಿ ವಾಟ್ಸಾಪ್ ಹಾಕಿ, ನಮ್ಮ ದಾಯಾದಿಗಳ ಗುಂಪಿಗೆ ಸೇರಿಸಿದ್ದೇ ತಡ, ಶುಭೋದಯದ ಗಣಪತಿ ಚಿತ್ರಗಳಿಗೇ ಜಾಗ ತುಂಬಿಹೋಯಿತು. ಕನ್ನಡ ಕೀಬೋರ್ಡಿನಲ್ಲಿ ‘ಕ್ಷೇಮ’ ಅಂತ ಒತ್ತಿದರೆ ಅಕ್ಷರ ಮೂಡುವಷ್ಟರಲ್ಲಿ ಒಂದು ಗುಟುಕು ಕಾಫಿ ಇಳಿಯುತ್ತಿತ್ತು. ಕೊನೆಗೆ ಮಗಳ ಹಳೇ ಫೋನಿಗೆ, ಅದು ಅನ್‌ಲಾಕ್ ಆಗಿತ್ತು ನೋಡಿ, ಸಿಮ್ ವರ್ಗಾಯಿಸಿದೆ. ಅಲ್ಲಿಂದಾಚೆ ಸುಖ. ಈ ಕಂಪನಿಗಳಿಗೆ ಸ್ವಂತ ಟವರ್ ಇರುವುದು ಅಪರೂಪ. ಹೆಚ್ಚಿನವು ದೊಡ್ಡ ಕಂಪನಿಗಳ ನೆಟ್‌ವರ್ಕನ್ನೇ ಸಗಟಾಗಿ ಕೊಂಡು ಮಾರುವಂಥವು. ಹಾಗಾಗಿ ನಿಮ್ಮ ಮನೆಯಲ್ಲಿ ಯಾರ ಸಿಗ್ನಲ್ ಚೆನ್ನಾಗಿದೆ ಅಂತ ಮೊದಲು ನೋಡಿಕೊಂಡು, ಆ ನೆಟ್‌ವರ್ಕಿನ ಮೇಲೆ ಓಡುವವರನ್ನೇ ಹಿಡಿಯಿರಿ.

ಈ ಸಿಮ್ ನನ್ನ ದಿನಚರಿಯಲ್ಲಿ ಹೇಗೆ ಸೇರಿಕೊಂಡಿದೆ ಅಂದರೆ, ಬೆಳಿಗ್ಗೆ ಆರೂವರೆಗೆ ಎಲಿಜಬೆತ್ ಕೆರೆ ಸುತ್ತಲು ಹೊರಡುತ್ತೇನೆ. ಒಂದು ಸುತ್ತಿಗೆ ಸುಮಾರು ಎರಡು ಮೈಲಿ. ಪಾರ್ಕಿಂಗ್ ಜಾಗ ದಾಟಿದ ಕೂಡಲೇ ಹಾಸನಕ್ಕೆ, ಅಕ್ಕನಿಗೆ ವಾಟ್ಸಾಪ್ ಕರೆ. ಬೇಸಿಗೆಯಲ್ಲಿ ಅಲ್ಲಿ ಆಗ ಸಂಜೆ ಏಳು, ದೀಪ ಹಚ್ಚಿ ಜಗಲಿಗೆ ಬಂದು ಕೂತಿರುತ್ತಾಳೆ. ನವೆಂಬರಿನಲ್ಲಿ ಇವರು ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅಲ್ಲಿ ಎಂಟಾಗುತ್ತದೆ, ಅವಳ ಧಾರಾವಾಹಿಯ ಹೊತ್ತು. ‘ನಿಮ್ಮ ದೇಶದೋರಿಗೆ ಗಡಿಯಾರ ಸುಮ್ನೆ ಇಡೋಕಾಗಲ್ವೇನೋ’ ಅಂತ ಪ್ರತಿ ವರ್ಷ ಬೈಗುಳ. ಬಾತುಕೋಳಿ ಅಡ್ಡ ಬಂದರೆ ಮಾತ್ರ ವಿಡಿಯೊ ಹಾಕುತ್ತೇನೆ, ಇಲ್ಲದಿದ್ದರೆ ಬರೀ ಮಾತು. ಡೇಟಾ ಉಳಿಸುವುದು ನನಗೆ ಅಭ್ಯಾಸವಾಗಿದೆ. ಭಾರತದ ಬ್ಯಾಂಕಿನ ಓಟಿಪಿಗಂತೂ ಈ ಸಿಮ್ ಆಗಿಬರುವುದಿಲ್ಲ. ಅದಕ್ಕೆ ಊರಿನ ಸಿಮ್ಮನ್ನು ಬೇರೆ ಡಬ್ಬಾ ಫೋನಿನಲ್ಲಿ ಸಾಕಿಕೊಂಡಿದ್ದೇನೆ.

ಇಷ್ಟು ನೆಮ್ಮದಿಯಾಗಿದ್ದಾಗ ಬಿತ್ತು ಪೆಟ್ಟು.

ಜಮೀನಿನ ಭಾಗಪತ್ರದ ಕೆಲಸಕ್ಕೆ ಅಂತ ಊರಿಗೆ ಹೋಗಿದ್ದೆವು. ಅಣ್ಣತಮ್ಮಂದಿರ ಸಹಿ ಕೂಡಿಬರುವುದು ಅಂದರೆ ಗೊತ್ತಲ್ಲ, ತಿಂಗಳಲ್ಲಿ ಆಗುವುದು ಎಳೆಯಿತು. ಅಮೆರಿಕದ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಫೋನ್ ಆರಿಸಿ ಸೂಟ್‌ಕೇಸಿನಲ್ಲಿಟ್ಟಿದ್ದೆ. ವಾಪಸು ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಹಚ್ಚಿದರೆ ಸಿಗ್ನಲ್ಲಿಲ್ಲ. ಕಸ್ಟಮರ್ ಕೇರ್‌ಗೆ ಇವಳ ಫೋನಿಂದ ಹಚ್ಚಿ, ಒಂದೊತ್ತಿ ಎರಡೊತ್ತಿ ಅಂತ ಹತ್ತಾರು ಗುಂಡಿ ಒತ್ತಿದ ಮೇಲೆ ಸಿಕ್ಕ ಹುಡುಗಿ ಹೇಳಿದಳು: ಮೂವತ್ತು ದಿನ ಬಳಸದಿದ್ದರೆ ನೋಟೀಸು, ಆಮೇಲೆ ಹದಿನೈದು ದಿನದ ಗಡುವು, ಆಗಲೂ ಬಳಸದಿದ್ದರೆ ಕಟ್. ನೋಟೀಸು ಎಲ್ಲಿಗೆ ಕಳಿಸಿದಿರಮ್ಮ ಅಂದೆ. ಎಸ್ಸೆಮ್ಮೆಸ್ ಮಾಡಿದ್ದೇವೆ ಸರ್ ಅಂದಳು. ಯಾವ ನಂಬರಿಗೆ? ಅದೇ ನಂಬರಿಗೆ!

ಬಳಸದೆ ಆರಿಸಿಟ್ಟ ಫೋನಿಗೇ, ‘ನೀವು ಫೋನ್ ಬಳಸುತ್ತಿಲ್ಲ’ ಅಂತ ಸಂದೇಶ. ನಮ್ಮ ಕಾಲದಲ್ಲಿ ಬಿಲ್ ಕಟ್ಟದವನ ಲೈನಿಗೂ ಮೊದಲು ಹೊರಹೋಗುವ ಕರೆ ಮಾತ್ರ ನಿಲ್ಲಿಸುತ್ತಿದ್ದೆವು, ಒಳಬರುವುದು ಬರುತ್ತಿತ್ತು. ಆಮೇಲೆ ತಾನೇ ಪೂರ್ತಿ ಕಟ್. ಇಲ್ಲಿ ನಂಬರೇ ಹೋಯಿತು, ವಾಪಸು ಬರುವುದಿಲ್ಲ ಅಂದರು. ಡಾಕ್ಟರ ಕ್ಲಿನಿಕ್ಕು, ಔಷಧಿ ಅಂಗಡಿ, ಇಲ್ಲಿನ ಬ್ಯಾಂಕು, ಅಪಾರ್ಟ್‌ಮೆಂಟಿನ ಆಫೀಸು ಎಲ್ಲರ ಹತ್ತಿರವೂ ಇದ್ದದ್ದು ಆ ನಂಬರು. ಬ್ಯಾಂಕಿಗೆ ಹೊಸ ನಂಬರ್ ಕೊಡೋಣ ಅಂದರೆ, ಹಳೇ ನಂಬರಿಗೆ ಕೋಡ್ ಕಳಿಸಿದ್ದೇವೆ, ಅದನ್ನು ಹೇಳಿ ಅನ್ನುತ್ತದೆ ಅವರ ಯಂತ್ರ. ಕೊನೆಗೆ ಪಾಸ್‌ಪೋರ್ಟ್ ಹಿಡಿದು ಶಾಖೆಗೇ ಹೋಗಬೇಕಾಯಿತು. ಆ ಸತ್ತ ಫೋನಿನಿಂದ ತುರ್ತು ನೆರವಿನ ನಂಬರು 911 ಒಂದು ಮಾತ್ರ ಹೋಗುತ್ತಿತ್ತು. ಸೇವೆ ಇಲ್ಲದ ಮೊಬೈಲಿನಿಂದಲೂ ಅದು ಹೋಗಲೇಬೇಕೆಂದು ಇಲ್ಲಿನ ಕಾನೂನು. ‘ಅಲ್ಲಿಗೇ ಮಾಡಿ ನಿಮ್ಮ ಕಂಪ್ಲೇಂಟು ಹೇಳ್ಕೊಳ್ರೀ’ ಅಂದಳು ಇವಳು.

ಆ ಸಿಟ್ಟಿನಲ್ಲಿ ಅಂದೇ ಬರೆದಿದ್ದರೆ ಒಂದೇ ನಕ್ಷತ್ರ ಕೊಡುತ್ತಿದ್ದೆ. ಇಲಾಖೆಯ ಚಾಳಿ ಬಿಡದು, ನಿಯಮ ಯಾಕೆ ಹೀಗಿದೆ ಅಂತ ಕೆದಕುತ್ತಾ ಹೋದೆ. ಲೈಫ್‌ಲೈನ್ ಶುರುವಾದದ್ದು 1985ರಲ್ಲಿ, ರೇಗನ್ ಕಾಲದಲ್ಲಿ, ಬಡವರ ಮನೆಯ ಲ್ಯಾಂಡ್‌ಲೈನ್ ಬಿಲ್ಲಿಗೆ ರಿಯಾಯಿತಿ ಅಂತ. ಅದೇ ವರ್ಷ ನಮ್ಮಲ್ಲಿ ಅಂಚೆ-ತಂತಿ ಇಲಾಖೆ ಎರಡಾಗಿ ದೂರಸಂಪರ್ಕ ಇಲಾಖೆ ಬೇರೆಯಾಯಿತು. ಆಗ ನಮ್ಮ ಕಡೆ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ವೇಟಿಂಗ್ ಲಿಸ್ಟಿನಲ್ಲಿ ಕಾಯುತ್ತಿದ್ದರು, ರಿಯಾಯಿತಿಯ ಮಾತು ಎಲ್ಲಿಂದ ಬರಬೇಕು! ಇಲ್ಲಿ ಪ್ರೀಪೇಯ್ಡ್ ಮೊಬೈಲಿಗೂ ಈ ಸವಲತ್ತು ವಿಸ್ತರಿಸಿದ್ದು ಬುಷ್ ಕಾಲದಲ್ಲೇ. ಜನರ ಬಾಯಲ್ಲಿ ಮಾತ್ರ ಅದು ‘ಒಬಾಮ ಫೋನ್’ ಆಗಿ ಉಳಿಯಿತು.

ಮೊಬೈಲಿಗೆ ಬಂದ ಮೇಲೆ ತಕರಾರು ಶುರು. ಗ್ರಾಹಕನಿಗೆ ಬಿಲ್ಲೇ ಇಲ್ಲದ ಮೇಲೆ ಆತ ಫೋನನ್ನು ಡ್ರಾಯರಿನಲ್ಲಿ ಹಾಕಿ ಮರೆತರೂ ಕಂಪನಿಗೆ ತಿಂಗಳು ತಿಂಗಳು ಸರ್ಕಾರದ ಕಡೆಯಿಂದ ದುಡ್ಡು. ಒಬ್ಬರ ಹೆಸರಿಗೇ ಎರಡು-ಮೂರು. ಅದಕ್ಕೇ 2012ರಲ್ಲಿ ನಿಯಮ ಬಿಗಿಮಾಡಿ, ಡೂಪ್ಲಿಕೇಟು ಹಿಡಿಯಲು ರಾಷ್ಟ್ರಮಟ್ಟದ ದತ್ತಾಂಶ ಕೋಶ ಮಾಡಿದರು, ಬಳಸದ ಫೋನಿಗೆ ಅರವತ್ತು ದಿನದ ಗಡುವು ಇಟ್ಟರು. 2016ರಲ್ಲಿ ಅದನ್ನು ಮೂವತ್ತಕ್ಕೆ ಇಳಿಸಿದರು. ಈ ದುಡ್ಡೇನು ಆಕಾಶದಿಂದ ಉದುರುವುದಿಲ್ಲ. ಮಗಳ ಫೋನ್ ಬಿಲ್ ತೆಗೆದು ನೋಡಿದೆ, ಕೆಳಗೆ ‘ಯೂನಿವರ್ಸಲ್ ಸರ್ವಿಸ್’ ಅಂತ ಒಂದು ಸಾಲು, ಕೆಲವು ಸೆಂಟ್‌ಗಳೋ ಡಾಲರೋ. ಅಳಿಯನ ಹಂಗು ಬೇಡ ಅಂದುಕೊಂಡವನ ಫೋನಿಗೆ ಅಳಿಯನ ಬಿಲ್ಲಿನಿಂದಲೇ ಪಾಲು ಹೋಗುತ್ತಿದೆ! ನಮ್ಮ ದೇಶದಲ್ಲೂ ಕಂಪನಿಗಳ ಆದಾಯದಿಂದ ಹೀಗೇ ವಸೂಲಿ ಮಾಡುವ ನಿಧಿಯಿದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಅದು ಹೆಚ್ಚಾಗಿ ಹಳ್ಳಿಯ ಟವರು, ಕೇಬಲ್ಲಿಗೆ ಹೋಗುತ್ತದೆ. ಇಲ್ಲಿ ಲೈಫ್‌ಲೈನ್ ಪಾಲು ನೇರ ಗ್ರಾಹಕನ ಬಿಲ್ಲಿನಲ್ಲಿ ಕಳೆಯುತ್ತದೆ. ಲೆಕ್ಕ ಕೇಳುವುದು ತಪ್ಪಲ್ಲ ಅನ್ನಿಸಿತು. ನೋಟೀಸನ್ನು ಒಂದು ಕಾಗದದಲ್ಲೂ ಕಳಿಸಬಹುದಿತ್ತು ಎಂಬ ನನ್ನ ತಕರಾರು ಮಾತ್ರ ಹಾಗೇ ಇದೆ.

ಈಗ ಬೇರೆ ಕಂಪನಿಯ ಲೈಫ್‌ಲೈನ್. ಇಲ್ಲೊಂದು ಸೂಕ್ಷ್ಮ ಇದೆ: ಮನೆಯ ವೈಫೈಯಲ್ಲಿ ದಿನವಿಡೀ ವಾಟ್ಸಾಪ್ ಮಾಡಿದರೂ ಅದು ಸಿಮ್ ಬಳಸಿದ ಲೆಕ್ಕಕ್ಕೆ ಬರುವುದಿಲ್ಲ. ಸಿಮ್ಮಿನಿಂದಲೇ ಕರೆ, ಎಸ್ಸೆಮ್ಮೆಸ್ ಅಥವಾ ಡೇಟಾ ಹೋಗಬೇಕು, ಇಲ್ಲವೇ ಹೊರಗಿನವರ ಕರೆ ಬಂದಾಗ ಎತ್ತಬೇಕು. ಮಳೆಗಾಲದಲ್ಲಿ ವಾಕಿಂಗ್ ತಪ್ಪಿದರೆ ನನ್ನದು ಪೂರಾ ವೈಫೈ ಬದುಕು. ಹಾಗಾಗಿ ಭಾನುವಾರ ಬೆಳಿಗ್ಗೆ ವೈಫೈ ಆರಿಸಿ, ಹಾಲ್‌ನಲ್ಲಿ ಕೂತು ಅಡುಗೆಮನೆಯಲ್ಲಿರುವ ಇವಳಿಗೆ ಫೋನ್ ಮಾಡುತ್ತೇನೆ.

‘ಹಲೋ, ಯಾರು ಮಾತಾಡೋದು?’

‘ನಾನೇ ಕಣೇ.’

‘ಏನ್ ವಿಷ್ಯ?’

‘ಸರ್ಕಾರಕ್ಕೆ ನಾನು ಬದುಕಿದೀನಿ ಅಂತ ತೋರಿಸ್ಬೇಕಲ್ಲ.’

‘ಉಪ್ಪಿಟ್ಟು ಆರ್ತಾ ಇದೆ, ಬದುಕಿದ್ರೆ ಎದ್ದು ಬನ್ನಿ.’

ಅಷ್ಟಾದರೆ ತಿಂಗಳ ಕರ್ತವ್ಯ ಮುಗಿಯಿತು.

ವರ್ಷಕ್ಕೊಮ್ಮೆ ಅರ್ಹತೆ ನವೀಕರಿಸಬೇಕು. ನಮಗೆ ಕ್ಯಾಲಿಫೋರ್ನಿಯಾ ಲೈಫ್‌ಲೈನ್‌ನಿಂದ ಅದರ ಫಾರಂ ಬಂದದ್ದು ಗುಲಾಬಿ ಬಣ್ಣದ ಲಕೋಟೆಯಲ್ಲಿ. ಪಿಜ್ಜಾ ಕೂಪನ್ನು, ಕಾರ್ಪೆಟ್ ತೊಳೆಯುವವರ ಜಾಹೀರಾತಿನ ನಡುವೆ ಅದೂ ಒಂದು ಜಾಹೀರಾತು ಅಂತ ಕಸಕ್ಕೆ ಹಾಕಿದವರು ನಮ್ಮ ಕಟ್ಟಡದಲ್ಲಿದ್ದಾರೆ. ಗುಲಾಬಿ ಕಂಡರೆ ತೆರೆಯಿರಿ.

ಡೇಟಾ ಬಗ್ಗೆ: 2024ರ ಏಪ್ರಿಲ್‌ವರೆಗೆ ಇದರ ಜೊತೆ, ಇಂಟರ್ನೆಟ್ ಖರ್ಚಿಗೆ ರಿಯಾಯಿತಿ ಕೊಡುತ್ತಿದ್ದ ಎಸಿಪಿ ಎಂಬ ಇನ್ನೊಂದು ಯೋಜನೆಯ ಮೂವತ್ತು ಡಾಲರ್ ಸೇರಿ ಸಮೃದ್ಧಿಯಾಗಿತ್ತು. ಇಲ್ಲಿನ ಸಂಸತ್ತು ಮತ್ತೆ ಹಣ ಕೊಡಲಿಲ್ಲ, ಯೋಜನೆ ಮುಚ್ಚಿತು, ಎರಡು ಕೋಟಿಗೂ ಮಿಕ್ಕ ಮನೆಗಳಿಗೆ ರಿಯಾಯಿತಿ ನಿಂತಿತು. ಉಳಿದದ್ದು ಕೇಂದ್ರದ ಲೈಫ್‌ಲೈನ್‌ನ ತಿಂಗಳಿಗೆ 9.25 ಡಾಲರ್, ಜೊತೆಗೆ ಕ್ಯಾಲಿಫೋರ್ನಿಯಾದವರಿಗೆ ರಾಜ್ಯದ ಪಾಲು. ಕೇಂದ್ರದ ನಿಯಮದಂತೆ ಮೊಬೈಲಿಗೆ ಕನಿಷ್ಠ ಸಾವಿರ ನಿಮಿಷ, 4.5 ಜಿಬಿ. ನಮ್ಮಲ್ಲಿ ರಾಜ್ಯದ ಪಾಲಿನಿಂದ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಬೇರೆ ರಾಜ್ಯದಲ್ಲಿ ಬರೀ ಕೇಂದ್ರದ ಪಾಲಿನ ಮೇಲೆ ಇರುವವರು ದಿನಾ ವಿಡಿಯೊ ಕರೆ ಮಾಡಿದರೆ ತಿಂಗಳ ನಡುವೆಯೇ ಡೇಟಾ ಬತ್ತುತ್ತದೆ.

ಬೇರೆ ರಾಜ್ಯದ ಕನ್ನಡದವರಿಗೆ ಇನ್ನೊಂದು ಮಾತು. ಗ್ರೀನ್ ಕಾರ್ಡಿನ ತಂದೆ-ತಾಯಿಗೆ ಹೆಚ್ಚಿನ ಕಡೆ ಮೆಡಿಕೈಡ್ (ನಮ್ಮಲ್ಲಿ ಮೆಡಿ-ಕ್ಯಾಲ್ ಅನ್ನುವುದು ಇದನ್ನೇ) ಸಿಗಲು ಐದು ವರ್ಷ ಕಾಯಬೇಕು, ಕ್ಯಾಲಿಫೋರ್ನಿಯಾದಲ್ಲಿ ನಮಗೆ ಹಾಗಾಗಲಿಲ್ಲ. ಮೆಡಿಕೈಡ್ ಇಲ್ಲದಿದ್ದರೆ ಆದಾಯದ ದಾರಿ ಇದೆ: ಬಡತನ ಮಟ್ಟದ ಶೇ. 135ರ ಒಳಗಿರಬೇಕು, ಇಬ್ಬರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 28,500 ಡಾಲರ್. ಸಾಫ್ಟ್‌ವೇರ್ ಮಗನ ಮನೆಯಲ್ಲೇ ಅವನ ಖರ್ಚಿನಲ್ಲೇ ಇದ್ದರೆ ಅವನ ಸಂಬಳವೂ ಸೇರುತ್ತದೆ, ಆ ದಾರಿ ಮುಚ್ಚಿದಂತೆ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಸಿಮ್ಮಿಗೆ ನಾಲ್ಕೂವರೆ, ಹ್ಯಾಂಡ್‌ಸೆಟ್ಟಿಗೆ ಒಂದು, ಮಿಕ್ಕದ್ದು ನೋಟೀಸಿನ ಬುದ್ಧಿಗೆ ಕಳೆದದ್ದು.

ಊರಿಗೆ ತಿಂಗಳಿಗಿಂತ ಹೆಚ್ಚು ಹೋಗುವವರು ಫೋನ್ ಆರಿಸಿಡಬೇಡಿ, ಬೇರೆಯವರ ಕೈಗೂ ಕೊಟ್ಟು ಹೋಗಬೇಡಿ. ಸವಲತ್ತು ನಿಮ್ಮ ಹೆಸರಿನದು, ವರ್ಗಾಯಿಸುವ ಹಾಗಿಲ್ಲ. ಹೊರಡುವ ವಾರ ಮುಂಚೆ ಕಂಪನಿಯಿಂದ ಅಕೌಂಟ್ ನಂಬರ್, ಪೋರ್ಟ್ ಮಾಡಲು ಬೇಕಾದ ಪಿನ್ ತೆಗೆದುಕೊಂಡು, ನಿಮ್ಮ ನಂಬರನ್ನು ಯಾವುದಾದರೂ ಅಗ್ಗದ ಪ್ರೀಪೇಯ್ಡ್‌ಗೆ ಪೋರ್ಟ್ ಮಾಡಿಸಿ. ತಿಂಗಳಿಗೆ ಒಂದಿಷ್ಟು ಡಾಲರ್ ಹೋಗುತ್ತದೆ, ನಂಬರ್ ಉಳಿಯುತ್ತದೆ. ಬಂದ ಮೇಲೆ ಲೈಫ್‌ಲೈನ್‌ಗೆ ಹೊಸದಾಗಿ ಅರ್ಜಿ ಹಾಕಿ, ಅದೇ ನಂಬರನ್ನು ಅಲ್ಲಿಗೆ ಪೋರ್ಟ್ ಮಾಡಿಸಿಕೊಳ್ಳಿ. ಒಂದು ಎಚ್ಚರ: ಹೊಸ ಸಿಮ್ಮಿನಲ್ಲಿ ಬ್ಯಾಂಕಿನ ಕೋಡ್ ಒಮ್ಮೆ ಬಂದು ನೋಡುವ ತನಕ ವಿಮಾನ ಹತ್ತಬೇಡಿ.