ಕೊಡಗಿನಲ್ಲಿ ಹಿರಿಯರನ್ನು ಕೇರ್ ಹೋಮಿಗೆ ಸೇರಿಸುವವರು ಮೊದಲು ಮಾತ್ರೆ ಡಬ್ಬಿ ತೆಗೆಸಿ ನೋಡಿ

ಮಡಿಕೇರಿ ಕಡೆಯ ಒಂದು ಕೇರ್ ಹೋಮಿನಲ್ಲಿ ನಮ್ಮ ದೊಡ್ಡಮ್ಮನಿಗೆ ಆಗಿದ್ದು ಇದು. ತಿಂಗಳ ಬಿಲ್ಲಿನಲ್ಲಿ ‘ಔಷಧಿ ನಿರ್ವಹಣೆ’ ಅಂತ ಬೇರೆಯೇ ಹಣ. ನಿರ್ವಹಣೆ ಅಂದರೆ ಏನು ಗೊತ್ತಾ? ಮಾತ್ರೆ ಬಿಡಿಸಿ ‘ಬೆ’, ‘ಮ’, ‘ರಾ’ ಅಂತ ಮಾರ್ಕರಿನಲ್ಲಿ ಬರೆದ ಡಬ್ಬಿಗೆ ಸುರಿಯುವುದು. ಯಾವ ಮಾತ್ರೆ ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಪಾದ ಊದಿದೆ ಅಂದರೆ, "ವಯಸ್ಸಾಯ್ತಲ್ಲ, ಮಳೆ ಚಳಿ ಬೇರೆ." ಸ್ಟ್ರಿಪ್ ತೋರಿಸಿ ಅಂತ ಪಟ್ಟು ಹಿಡಿದ ಮೇಲೆ ಬಣ್ಣ ಬಯಲಾಯಿತು. ಒಂದರಲ್ಲಿ ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಇನ್ನೊಂದು ಬೇರೆ ಕಂಪನಿ, ಬೇರೆ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಟೆಲ್ಮಿಸಾರ್ಟನ್ 40 (ಅದೂ ಬಿಪಿಗೇ), ಆಮ್ಲೋಡಿಪಿನ್ 5. ಒಂದೇ ಔಷಧಿ ಎರಡು ಸಲ! ದಿನಕ್ಕೆ 10 ಆಯಿತು. ಆಮ್ಲೋಡಿಪಿನ್ ಡೋಸ್ ಏರಿದಷ್ಟೂ ಪಾದ ಊದುವುದು ಹೆಚ್ಚು. ಆ ಊತ ಸಣ್ಣ ರಕ್ತನಾಳ ಹಿಗ್ಗಿ ನೀರು ಸೋರಿ ಬಂದದ್ದು, ಮೂತ್ರ ಹೋಗಿಸುವ ಮಾತ್ರೆಗೆ ಅಷ್ಟಾಗಿ ಜಗ್ಗಲ್ಲ. ಇವರು ಅದಕ್ಕೇ ಮೂತ್ರದ ಮಾತ್ರೆ ಫ್ಯೂರೋಸೆಮೈಡ್ 40 ಕೊಟ್ಟಿದ್ದಾರೆ. ಅದೂ ‘ರಾ’ ಡಬ್ಬಿಯಲ್ಲಿ! ಬೆಳಿಗ್ಗೆ ಕೊಡುವ ಮಾತ್ರೆ ರೀ ಅದು. ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಟ, ನಿದ್ದೆ ಇಲ್ಲ. ನಿದ್ದೆಗೆ ಆಲ್‌ಪ್ರಜೋಲಾಮ್. ಕರೆಂಟ್ ಹೋದ ರಾತ್ರಿ ಆ ಮಂಪರಿನಲ್ಲಿ ಎದ್ದರೆ ಬೀಳದೆ ಇನ್ನೇನು? ಬಿದ್ದರು. ನೋವಿಗೆ ಡೈಕ್ಲೋಫೆನಾಕ್. ಟೆಲ್ಮಿಸಾರ್ಟನ್, ಫ್ಯೂರೋಸೆಮೈಡ್, ಡೈಕ್ಲೋಫೆನಾಕ್ ಮೂರೂ ಸೇರಿದರೆ ವಯಸ್ಸಾದವರ ಕಿಡ್ನಿ ಕೈಕೊಡಬಹುದು. ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ಯಾವಾಗ ನೋಡಿಸಿದಿರಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿದರು.

ಕೊನೆಗೆ ಬಂದ ಉತ್ತರ: "ಡಾಕ್ಟರ್ ಬರೆದಿದ್ದನ್ನೇ ಕೊಟ್ಟಿದ್ದೀವಿ." ಯಾವ ಡಾಕ್ಟರ್? ಬಿಪಿಯವರ ಚೀಟಿ ಒಂದು, ಮೂಳೆಯವರದ್ದು ಒಂದು, ವಾರಕ್ಕೊಮ್ಮೆ ಅಲ್ಲಿಗೆ ಬಂದು ಹೋಗುವವರದ್ದು ಇನ್ನೊಂದು. ಮೂರನ್ನೂ ಒಟ್ಟಿಗಿಟ್ಟು ನೋಡಿದವರು ಯಾರೂ ಇಲ್ಲ. "ಅಷ್ಟು ಅನುಮಾನ ಇದ್ರೆ ಮನೆಗೆ ಕರ್ಕೊಂಡು ಹೋಗಿ" ಅಂತ ಬೇರೆ. ದುಡ್ಡು ಎಣಿಸಿಕೊಂಡು ಆಡುವ ಮಾತಾ ಇದು?

ಥೈರಾಯ್ಡ್ ಮಾತ್ರೆ ಕಾಫಿ ಜೊತೆ ಕೊಡುತ್ತಿದ್ದರು, ಹಾಗೆ ಕೊಟ್ಟರೆ ಅದು ಮೈಗೆ ಸರಿಯಾಗಿ ಹತ್ತಲ್ಲ. ಅದನ್ನಂತೂ ಹೇಳುವುದೇ ಬೇಡ.

ಸೇರಿಸುವಾಗಲೇ ಒಂದು ಹಾಳೆ ಕೇಳಿ: ಔಷಧಿಯ ಮೂಲ ಹೆಸರು, ಎಷ್ಟು ಮಿ.ಗ್ರಾಂ, ಎಷ್ಟು ಹೊತ್ತಿಗೆ, ಯಾವುದಕ್ಕೆ, ಯಾವತ್ತಿನಿಂದ. ಬರೀ ಕಂಪನಿ ಇಟ್ಟ ಹೆಸರು ಬರೆದುಕೊಟ್ಟರೆ ಒಪ್ಪಬೇಡಿ. ಸ್ಟ್ರಿಪ್ ಸಮೇತ ಇಡಿಸಿ. ಬಿಪಿ ಕೂತಾಗೊಮ್ಮೆ, ನಿಂತು ಮೂರು ನಿಮಿಷದೊಳಗೊಮ್ಮೆ ನೋಡಿಸಿ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಬೀಳುವ ಭಯ ಇದೆ. ಇರುವ ಮಾತ್ರೆಯನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಫಿಜಿಷಿಯನ್ ಮುಂದೆ ಸುರಿಯಿರಿ. ಸಿಟ್ಟಿನಲ್ಲಿ ನೀವೇ ಯಾವುದನ್ನೂ ನಿಲ್ಲಿಸಬೇಡಿ, ಆಲ್‌ಪ್ರಜೋಲಾಮ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.