ಕುಡಿತ ಬಿಡಲು ನೆರವಾಗುವ ಗುಂಪುಗಳು, ಎಎ ಮೀಟಿಂಗ್ ಮತ್ತು ನವಜೀವನ ಸಮಿತಿ: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಅಂಕ: 5ಕ್ಕೆ 4

ಮೊದಲು ಒಂದು ಎಚ್ಚರಿಕೆ, ಇದನ್ನು ಓದದೆ ಮುಂದೆ ಹೋಗಬೇಡಿ. ಬೆಳಿಗ್ಗೆ ಕೈ ನಡುಗಿ, ಒಂದು ಕ್ವಾರ್ಟರ್ ಒಳಗೆ ಹೋದರೆ ಮಾತ್ರ ನಡುಕ ನಿಲ್ಲುವ ಹಂತದಲ್ಲಿರುವವರು ಒಮ್ಮೆಲೇ ಬಿಟ್ಟು ನೇರ ಮೀಟಿಂಗಿಗೆ ಬರಬಾರದು. ಕೊನೆಯ ಗುಟುಕಾದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಜ್ವರ, ಮೈಯೆಲ್ಲ ಬೆವರು, ಇಲ್ಲದ್ದು ಕಾಣುವುದು, ತೊದಲು ಮಾತು ಶುರುವಾದರೆ ಜೀವಕ್ಕೇ ಅಪಾಯ. ಆ ದಿನಗಳಿಗೆ ಆಸ್ಪತ್ರೆಯೇ ಬೇಕು: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ. ಪಕ್ಕದ ಕ್ಲಿನಿಕ್ಕಿಗೆ ಹೋಗಿ ‘ಸುಸ್ತು’ ಎಂದಷ್ಟೇ ಹೇಳಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ರೂಢಿ ನಮ್ಮಲ್ಲಿ ಬಹಳ. ಕುಡಿತದ ವಿಷಯ ಮುಚ್ಚಿಡಬೇಡಿ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರಬಹುದು. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ನಡುಕ ನಿಂತ ಮೇಲೆ ಗುಂಪಿನ ಕೆಲಸ ಶುರು. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ್ದು. ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯತ್ವ ಆಯಿತು. ಗುಂಪು ಆರಿಸುವಾಗ ಅದರ ಹೆಸರಿಗಿಂತ ದಾರಿ ನೋಡಿ. ಕೆಲಸ ಮುಗಿಸಿ ಹೊರಟರೆ ಅರ್ಧ ಗಂಟೆಯಲ್ಲಿ ತಲುಪುವಂತಿರಬೇಕು, ದಾರಿಯಲ್ಲಿ ನಿಮ್ಮ ಹಳೆಯ ಬಾರ್ ಸಿಗಬಾರದು.

ಎಎ ಇಂಡಿಯಾದ ಜಾಲತಾಣದಲ್ಲಿ ಊರು ಹುಡುಕಿ, ಸಹಾಯವಾಣಿಗೆ ಫೋನ್ ಮಾಡಿ. ಪಟ್ಟಿಯನ್ನೇ ನಂಬಿ ಹೊರಡಬೇಡಿ. ಮೀಟಿಂಗ್ ನಡೆಯುವುದು ಸಾಮಾನ್ಯವಾಗಿ ಶಾಲೆಯ ಅಥವಾ ಚರ್ಚಿನ ಕೋಣೆಯಲ್ಲಿ. ಪರೀಕ್ಷೆ, ಹಬ್ಬ ಬಂದರೆ ಜಾಗ ಬದಲಾಗುತ್ತದೆ, ಹೊರಗೆ ಬೋರ್ಡ್ ಇರುವುದಿಲ್ಲ. ಗೇಟಿನ ವಾಚ್‌ಮನ್ ‘ಅಂಥದ್ದೇನೂ ಇಲ್ಲಿ ಇಲ್ಲ’ ಎಂದರೆ ಹೊಸಬರು ಅಲ್ಲಿಂದಲೇ ವಾಪಸ್. ಆದ್ದರಿಂದ ಇವತ್ತು ನಡೆಯುತ್ತದೆಯೇ, ಯಾವ ಬಾಗಿಲು, ಕನ್ನಡವೋ ತಮಿಳೋ ಇಂಗ್ಲಿಷೋ, ಓಪನ್ನೋ ಕ್ಲೋಸ್ಡೋ ಎಂದು ಕೇಳಿಕೊಳ್ಳಿ. ಕ್ಲೋಸ್ಡ್ ಮೀಟಿಂಗಿಗೆ ಮನೆಯವರನ್ನು ಬಿಡುವುದಿಲ್ಲ. ‘ಗೇಟಿನ ಹತ್ತಿರ ಒಬ್ಬರು ನಿಂತಿರಿ’ ಎಂದು ಕೇಳಲು ಸಂಕೋಚ ಬೇಡ, ನಿಲ್ಲುತ್ತಾರೆ.

ಒಳಗೆ ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರೇ ಹೆಸರು ಹೇಳಿ ಕೆಲವು ನಿಮಿಷ ಮಾತಾಡುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಸರದಿ ಬಂದಾಗ ‘ಇವತ್ತು ಬರೀ ಕೇಳ್ತೀನಿ ಸಾರ್’ ಎಂದರೆ ಸಾಕು. ಚೀಲವೊಂದು ಕೈಯಿಂದ ಕೈಗೆ ಬರುತ್ತದೆ. ಬಾಡಿಗೆ, ಚಹಾದ ಖರ್ಚು ಅದರಲ್ಲೇ ನಡೆಯಬೇಕು, ಆದರೆ ಹೊಸಬರು ಹಾಗೇ ಮುಂದೆ ದಾಟಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಮ್ಮ ಮಟ್ಟಿಗೆ ಮೀಟಿಂಗಿನ ನಿಜವಾದ ಭಾಗ ಮುಗಿದ ಮೇಲಿನ ಹತ್ತು ನಿಮಿಷ. ಆಗ ಕನಿಷ್ಠ ಮೂವರ ನಂಬರ್ ತೆಗೆದುಕೊಳ್ಳಿ, ಮರುದಿನವೇ ಏನೂ ತೊಂದರೆಯಿಲ್ಲದ ಹೊತ್ತಿನಲ್ಲಿ ಒಬ್ಬರಿಗೆ ಫೋನ್ ಮಾಡಿ. ಶನಿವಾರ ರಾತ್ರಿ ಮನಸ್ಸು ಎಳೆಯುವಾಗ ಮೊದಲ ಬಾರಿ ಅಪರಿಚಿತರಿಗೆ ಫೋನ್ ಮಾಡಲು ಕೈ ಬರುವುದಿಲ್ಲ. ಹಸಿವು, ಸಿಟ್ಟು, ಒಂಟಿತನ, ಆಯಾಸ: ಈ ನಾಲ್ಕರಲ್ಲಿ ಒಂದಿದ್ದರೂ ಕಾಯದೆ ಫೋನ್ ಮಾಡಿ ಎನ್ನುತ್ತಾರೆ ಹಳಬರು.

90 ದಿನದಲ್ಲಿ 90 ಮೀಟಿಂಗ್ ಎಂಬ ಮಾತು ಕೇಳಿಬರುತ್ತದೆ. ವಾರಕ್ಕೊಂದೇ ಮೀಟಿಂಗ್ ಇರುವ ಊರಲ್ಲಿ ಉಳಿದ ದಿನಗಳಿಗೆ ಝೂಮ್ ಮೀಟಿಂಗ್ ಸೇರಿಸಿಕೊಳ್ಳಿ. ಒಂದೇ ಮೀಟಿಂಗ್ ನೋಡಿ ತೀರ್ಮಾನ ಬೇಡ. ಆರು ಸಲ, ಆದರೆ ಎರಡು ಬೇರೆ ಗುಂಪುಗಳಲ್ಲಿ ಕೂತು ನೋಡಿ.

ಹಳ್ಳಿಗಳಲ್ಲಿ ಎಎ ಸಿಗುವುದು ಕಷ್ಟ. ಅಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ದಾರಿ ಹತ್ತಿರ. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಸಾಮಾನ್ಯವಾಗಿ 8 ದಿನ, ಅದಾದ ಮೇಲೆ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿ. ತಾಲ್ಲೂಕಿನ ಯೋಜನಾ ಕಚೇರಿಯಲ್ಲಿ ಅಥವಾ ಊರಿನ ಸೇವಾಪ್ರತಿನಿಧಿಯ ಹತ್ತಿರ ಕೇಳಿದರೆ ಮುಂದಿನ ಶಿಬಿರ ಎಲ್ಲಿ ಎಂದು ತಿಳಿಯುತ್ತದೆ. ಹೆಂಡತಿ ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳುವುದು ಇದರ ಬಲ. ಶಿಬಿರ ಮುಗಿಸಿ ಹಾರ ಹಾಕಿಸಿಕೊಂಡು ಬಂದವರು ಸಮಿತಿಯ ಸಭೆ ತಪ್ಪಿಸತೊಡಗಿದರೆ ಎಂಟು ದಿನದ ಶ್ರಮ ನೀರಲ್ಲಿ ಹೋಮ.

ಒಂದು ಅಂಕ ಕಳೆದದ್ದೇಕೆ? ಮಹಿಳೆಯರು ತೀರಾ ಕಡಿಮೆ, ಕೆಲವು ಗುಂಪುಗಳಲ್ಲಿ ಒಬ್ಬರೂ ಇಲ್ಲ. ಹೊಸದಾಗಿ ಬರುವ ಮಹಿಳೆಯರು ಸಹಾಯವಾಣಿಯಲ್ಲಿ ಮಹಿಳಾ ಸದಸ್ಯರ ಜೊತೆಗೇ ಮಾತಾಡಿಸಿ ಎಂದು ಕೇಳಬೇಕು. ಚಿಕ್ಕ ಊರಲ್ಲಿ ಗುಟ್ಟು ಉಳಿಯುವುದು ಕಷ್ಟ, ಪಕ್ಕದ ತಾಲ್ಲೂಕಿಗೆ ಹೋಗುವುದೇ ಮೇಲು. ಇನ್ನು ‘ಮಾತ್ರೆ ಬಿಡು, ಮೀಟಿಂಗ್ ಸಾಕು’ ಎನ್ನುವ ಹಿರಿಯರು ಅಲ್ಲಲ್ಲಿ ಸಿಗುತ್ತಾರೆ. ಅದು ಎಎಯ ನಿಲುವಲ್ಲ, ಔಷಧಿಯ ಮಾತು ವೈದ್ಯರದು.

ಮನೆಯವರಿಗೆ: ಕುಡಿತ ಬಿಡಿಸುವ ಪುಡಿ, ಮಾತ್ರೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು ಅವರು ಕುಡಿದರೆ ಎದೆ ಹೊಡೆದುಕೊಂಡು, ಬಿಪಿ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ನಿಮಗಾಗಿಯೇ ಅಲ್-ಅನಾನ್ ಗುಂಪುಗಳಿವೆ, ಅವರು ಕುಡಿತ ಬಿಡದಿದ್ದರೂ ನೀವು ಹೋಗಬಹುದು. ರಾತ್ರಿ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೇ ಸಿಗುತ್ತದೆ. ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ 14446.

ಮತ್ತೆ ಕುಡಿದರೆ, ಗುಂಪಿನ ಮಾತಲ್ಲಿ ‘ಸ್ಲಿಪ್’ ಆದರೆ, ಹಳೆಯ ಅಳತೆಯನ್ನು ದೇಹ ಈಗ ತಡೆಯುವುದಿಲ್ಲ ಎಂಬುದು ನೆನಪಿರಲಿ. ನಡುಕ ಮರಳಿದರೆ ಮತ್ತೆ ಆಸ್ಪತ್ರೆ. ಇಲ್ಲವಾದರೆ ಅವತ್ತೇ ಮೀಟಿಂಗಿಗೆ ಹೋಗಿ. ಬಾಯಿಂದ ವಾಸನೆ ಬರುತ್ತಿದ್ದರೂ ಗಲಾಟೆ ಮಾಡದಿದ್ದರೆ ಹೊರಗೆ ಹಾಕುವುದಿಲ್ಲ. ಹಿಂದಿನ ಸಾಲಿನ ಕುರ್ಚಿ ತೋರಿಸಿ, ಇವತ್ತು ಸುಮ್ಮನೆ ಕೂತಿರಿ ಎನ್ನುತ್ತಾರೆ.