ಬಾಲ ನ್ಯಾಯ ಕೈಪಿಡಿ: ಬೆಲೆಗೆ ಮೋಸವಿಲ್ಲ, ವಯಸ್ಸಿನ ಅಧ್ಯಾಯ ಮಾತ್ರ ಸೊರಗಿದೆ

ಕೋಲಾರದ ನ್ಯಾಯಾಲಯದ ಆಸುಪಾಸಿನ ಪುಸ್ತಕದಂಗಡಿಯೊಂದರಲ್ಲಿ 180 ರೂಪಾಯಿಗೆ ಸಿಗುವ ಈ ಪುಟ್ಟ ಕೈಪಿಡಿ, 2015ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯನ್ನು ಜನಸಾಮಾನ್ಯರಿಗೆ ಕನ್ನಡದಲ್ಲಿ ತಿಳಿಸಿಕೊಡುವ ಉದ್ದೇಶದ್ದು. ಅರೆಕಾನೂನು ಸ್ವಯಂಸೇವಕನಾಗಿ ಹಳ್ಳಿಗಳ ಕಾನೂನು ಅರಿವು ಶಿಬಿರಗಳಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದಿದೆ: ಹದಿನೇಳರ ಹುಡುಗ ಕೊಲೆ ಮಾಡಿದರೆ ಅವನಿಗೇಕೆ ಗಲ್ಲು ಇಲ್ಲ? ಈ ಪ್ರಶ್ನೆಗೆ ಭಾವಾವೇಶವಿಲ್ಲದೆ, ಕಾನೂನಿನ ಆಧಾರದಲ್ಲಿ ಉತ್ತರಿಸುವ ಪುಸ್ತಕಗಳು ಕನ್ನಡದಲ್ಲಿ ಕಡಿಮೆ.

ಇತಿಹಾಸದ ಭಾಗ ಅಚ್ಚುಕಟ್ಟಾಗಿದೆ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿದ್ದ ವಯೋಮಿತಿ 2000ದ ಕಾಯ್ದೆಯಲ್ಲಿ ಇಬ್ಬರಿಗೂ 18 ಆದದ್ದು, ಬಾಲಕನೊಬ್ಬನೂ ಆರೋಪಿಯಾಗಿದ್ದ 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಳಿಕ ಎದ್ದ ಕೂಗಿನಿಂದ 16 ತುಂಬಿದವರ ಘೋರ ಅಪರಾಧಗಳಿಗೆ ಪ್ರತ್ಯೇಕ ದಾರಿ ತೆರೆದದ್ದು, ಇವೆಲ್ಲ ಸರಿಯಾದ ಕ್ರಮದಲ್ಲಿ ಬಂದಿವೆ. ಹದಿನೆಂಟರೊಳಗಿನವರ ಅಪರಾಧಕ್ಕೆ ಗಲ್ಲು ಕೂಡದೆನ್ನುವ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿಯನ್ನೂ, ಭಾರತ 1992ರಲ್ಲಿ ಅದಕ್ಕೆ ಸೇರಿದ್ದನ್ನೂ ಲೇಖಕರು ಮರೆತಿಲ್ಲ. ಅಮೆರಿಕದಂಥ ದೇಶದಲ್ಲಿಯೂ ಹದಿನೆಂಟು ತುಂಬುವ ಮುನ್ನ ಎಸಗಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದು 2005ರಲ್ಲಿ, ಅದೂ ಐದು–ನಾಲ್ಕರ ಬಹುಮತದಿಂದ ಎಂಬ ಮಾಹಿತಿ ಶಿಬಿರದಲ್ಲಿ ಹೇಳಲು ಬಹಳ ಉಪಯುಕ್ತ.

ಆದರೆ ರಕ್ಷಾಪುಟದಲ್ಲೇ ಎಡವಟ್ಟಾಗಿದೆ. ‘ಮಕ್ಕಳಿಗೆ ಗಲ್ಲೂ ಇಲ್ಲ, ಜೀವಾವಧಿಯೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಕಾಯ್ದೆಯ 21ನೇ ಕಲಮು ನಿಷೇಧಿಸುವುದು ಮರಣದಂಡನೆಯನ್ನು ಮತ್ತು ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನು. 16ರಿಂದ 18ರೊಳಗಿನವನನ್ನು ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಪರಿಶೀಲನೆಯ ನಂತರ ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಿ, ಅಲ್ಲಿ ವಯಸ್ಕನಂತೆ ವಿಚಾರಣೆ ನಡೆದರೆ, ಬಿಡುಗಡೆಗೆ ಅವಕಾಶವಿರುವ ಜೀವಾವಧಿ ಶಿಕ್ಷೆಗೆ ಈ ಕಲಮು ಅಡ್ಡಿಯಲ್ಲ. ಒಳಪುಟದಲ್ಲಿ ಇದನ್ನು ಸರಿಯಾಗಿಯೇ ಬರೆದಿದ್ದಾರೆ; ರಕ್ಷಾಪುಟವನ್ನಷ್ಟೇ ಓದಿ ಮಾತಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಏಳು ವರ್ಷದೊಳಗಿನ ಮಕ್ಕಳ ಕೃತ್ಯ ಅಪರಾಧವಲ್ಲ ಎನ್ನುವುದಕ್ಕೆ ಇನ್ನೂ ಹಳೆಯ ದಂಡ ಸಂಹಿತೆಯ 82ನೇ ಕಲಮನ್ನೇ ಉಲ್ಲೇಖಿಸಿದ್ದಾರೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮು.

ನನ್ನ ನಿಜವಾದ ತಕರಾರು ವಯಸ್ಸಿನ ನಿರ್ಧಾರದ ಅಧ್ಯಾಯದ ಬಗ್ಗೆ. ಗಲ್ಲು ಕೂಡದೆಂಬ ನಿಯಮ ಎಷ್ಟೇ ಗಟ್ಟಿಯಾಗಿರಲಿ, ಅಪರಾಧ ನಡೆದ ದಿನ ಆರೋಪಿಗೆ ಹದಿನೆಂಟು ತುಂಬಿರಲಿಲ್ಲ ಎಂದು ತೋರಿಸುವ ಕಾಗದವಿಲ್ಲದಿದ್ದರೆ ಅದು ಅವನ ಕೈಗೆ ಎಟುಕುವುದಿಲ್ಲ. 94ನೇ ಕಲಮಿನ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಇವಾವುವೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಕೈಪಿಡಿಯಾದರೋ ‘ಶಾಲೆಯ ಟಿ.ಸಿ. ಇದ್ದರೆ ಸಾಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ವರ್ಗಾವಣೆ ಪತ್ರ ಈ ಕಲಮು ಹೇಳುವ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲಿಯೇ ಹೇಳಿದೆ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಆಂಧ್ರದ ಶಾಲೆಯಲ್ಲಿ ಓದಿ ಅರ್ಧಕ್ಕೆ ಬಿಟ್ಟವರ ದಾಖಲೆ ತೆಲುಗಿನಲ್ಲಿರುತ್ತದೆ. ಎಷ್ಟೋ ಮಕ್ಕಳ ಜನ್ಮದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜೂನ್ 1. ಹುಟ್ಟಿದ ದಿನವನ್ನು ಜಾತಕದಲ್ಲಿ ಬರೆಸಿಟ್ಟು ಪಂಚಾಯಿತಿಯಲ್ಲಿ ಬರೆಸದ ಮನೆಗಳೂ ಇವೆ, ಆ ಜಾತಕಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಇದಾವುದನ್ನೂ ಕೈಪಿಡಿ ಚರ್ಚಿಸುವುದಿಲ್ಲ.

ಬೇಸರದ ಸಂಗತಿಯೆಂದರೆ ದಾಖಲೆಯ ಬೆಲೆ ಲೇಖಕರಿಗೆ ಗೊತ್ತಿಲ್ಲದೆ ಇಲ್ಲ. 1994ರಲ್ಲಿ ಪುಣೆಯಲ್ಲಿ ನಡೆದ ಏಳು ಜನರ ಕೊಲೆ ಪ್ರಕರಣವನ್ನು ಅವರು ಸೊಗಸಾಗಿ ನಿರೂಪಿಸಿದ್ದಾರೆ. ಅದರ ಅಪರಾಧಿಯೊಬ್ಬನ ಗಲ್ಲು ಶಿಕ್ಷೆಯನ್ನು 2000ದಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಮುಂದೆ ರಾಜಸ್ಥಾನದ ಶಾಲೆಯ ದಾಖಲೆಯಿಂದ, ಅದರಲ್ಲಿ ಅವನ ಹೆಸರು ಬೇರೆ ರೀತಿ ಇದ್ದರೂ, ಕೃತ್ಯದ ವೇಳೆ ಅವನಿಗೆ ಹನ್ನೆರಡೂವರೆ ವರ್ಷವೆಂದು ಸಿದ್ಧವಾಗಿ, 2023ರ ಮಾರ್ಚ್‌ನಲ್ಲಿ ಬಿಡುಗಡೆಯ ಆದೇಶವಾಯಿತು. ಅಷ್ಟರಲ್ಲಿ ಅವನು 28 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ. ಬಾಲಕನಾಗಿದ್ದೆನೆಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದೆನ್ನುವ 9ನೇ ಕಲಮನ್ನು ಇದೇ ಪುಟದಲ್ಲಿ ವಿವರಿಸಿದ್ದು ಇಡೀ ಪುಸ್ತಕದ ಅತ್ಯುತ್ತಮ ಭಾಗ. ಇಷ್ಟು ಬರೆದವರು ಟಿ.ಸಿ.ಯ ಸಾಲನ್ನು ಹೇಗೆ ಉಳಿಸಿಕೊಂಡರೋ ತಿಳಿಯದು.

ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ. ವಿಷಯಸೂಚಿ ಇಲ್ಲ. ವಕೀಲರಿಗೆ ಈ ಪುಸ್ತಕ ಸಾಲದು. ಶಿಬಿರ ನಡೆಸುವವರು ಮತ್ತು ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಕೊಳ್ಳಬಹುದು. 94ನೇ ಕಲಮಿನ ಮೂಲ ಪಾಠವನ್ನು ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಆ ಅಧ್ಯಾಯದ ಮೇಲೆ ಅಂಟಿಸಿಕೊಂಡರೆ ಒಳ್ಳೆಯದು.